ಉಪ್ಪುಗೈ

ಬಂದೂಕಿನ ನಳಿಗೆಯ ಮೇಲೆ ತುಕ್ಕಾಗಿ ಮೂಡಿದ್ದ ನಾಲ್ಕು ಬೆರಳುಗಳಲ್ಲಿ ಮೂರನ್ನು ಉಜ್ಜಿ ತೆಗೆದ ಮೇಲೆ ಅವನಿಗೆ ಅವು ಯಾರ ಬೆರಳುಗಳೆಂದು ಗೊತ್ತಾಯಿತು. ಕೈ ಅಲ್ಲಿಯೇ ನಿಂತಿತು. ನಾಲ್ಕನೆಯದು ಕಿರುಬೆರಳು. ಉಳಿದವುಗಳ ಸಾಲಿಗೆ ಸೇರದೆ ಹೊರಕ್ಕೆ ಬಾಗಿತ್ತು. ಅಂಥ ಸೊಟ್ಟ ಕಿರುಬೆರಳು ಅವನಿಗೆ ಗೊತ್ತಿದ್ದಂತೆ ಒಬ್ಬಳಿಗೇ ಇತ್ತು. ಚಿಕ್ಕಂದಿನಲ್ಲಿ ಅಪ್ಪನ ದೋಣಿಗೂ ಕಟ್ಟೆಗೂ ನಡುವೆ ಸಿಕ್ಕಿ ಮುರಿದದ್ದು, ಸರಿಯಾಗಿ ಕೂಡಿಕೊಳ್ಳದೆ ಹಾಗೇ ಉಳಿದುಬಿಟ್ಟಿತ್ತು. ಮದುವೆಯಾದ ಹೊಸದರಲ್ಲಿ ಅವಳೇ ಹೇಳುತ್ತಿದ್ದಳು, ಮಿಕ್ಕ ಬೆರಳುಗಳೆಲ್ಲ ಗಂಡನ ಮನೆಗೆ ಹೊರಟರೂ ಇದೊಂದು ತವರಿನ ಕಡೆಗೇ ಮುಖ ಮಾಡಿಕೊಂಡಿದೆ ಎಂದು. ಆಗ ಅವನು ನಕ್ಕಿದ್ದ. ಈಗ ಎಣ್ಣೆಯಲ್ಲಿ ಅದ್ದಿದ ಉಕ್ಕಿನ ನಾರನ್ನು ಬೆರಳ ತುದಿಯಲ್ಲಿ ಹಿಡಿದು, ದೀಪದ ಕೆಳಗೆ ಬಗ್ಗಿ, ತಾನು ಈಗಷ್ಟೇ ಹೊಳಪು ಬರಿಸಿದ ಜಾಗವನ್ನು ನೋಡಿದ. ಅಲ್ಲಿ ಏನೂ ಇರಲಿಲ್ಲ. ಕೆಲಸ ಚೆನ್ನಾಗಿಯೇ ಆಗಿತ್ತು. ಹೋದ ಮೂರು ಬೆರಳುಗಳು ಕಂದುಬಣ್ಣದ ಎಣ್ಣೆಯಾಗಿ ಅವನ ಚಿಂದಿಯ ಮೇಲೆ ಕೂತಿದ್ದವು, ಮತ್ತು ಚಿಂದಿಯ ಮೇಲೆ ಅವು ಬೆರಳುಗಳಾಗಿರಲಿಲ್ಲ.

ಹೊರಗೆ ಮೋಡ ಕವಿದ ಬೆಳಿಗ್ಗೆ. ಬಂದರಿನ ಹಿಂದಿನ ಬೀದಿಯಲ್ಲಿ ಹೀಗೆ ಮೋಡ ಕವಿದಾಗ ಗಾಳಿಯನ್ನು ನಾಲಿಗೆಯಲ್ಲಿ ಮುಟ್ಟಿದರೂ ಉಪ್ಪು ಸಿಗುತ್ತದೆ. ಅವನ ಅಂಗಡಿ ಇರುವುದೇ ಈ ಉಪ್ಪಿನ ಮೇಲೆ. ಎಡಗಡೆಯ ಗೋಡೆಗೆ ಬಂದೂಕುಗಳು, ಬಲಗಡೆಯ ಗೋಡೆಗೆ ಗಾಳದ ಕೋಲುಗಳು, ರೀಲುಗಳು, ಮಧ್ಯದಲ್ಲಿ ಒಂದೇ ಮೇಜು, ಒಂದೇ ಸ್ಟೂಲು. ಹಕ್ಕಿ ಹೊಡೆಯುವವರೂ ಮೀನು ಹಿಡಿಯುವವರೂ ಒಬ್ಬರ ಮುಖ ಒಬ್ಬರು ನೋಡದಿದ್ದರೂ ಅವರಿಬ್ಬರಿಗೂ ಶತ್ರು ಒಬ್ಬನೇ, ತುಕ್ಕು ಎಂದು ಅವನ ಅಪ್ಪ ಹೇಳುತ್ತಿದ್ದ. ಹಾಗೆ ಹೇಳಿ ಈ ಅಂಗಡಿ ತೆರೆದಿದ್ದ. ಅಪ್ಪನ ಇನ್ನೊಂದು ಮಾತು, ಮುಟ್ಟಿದವನ ಕೈ ಹಿಂದಕ್ಕೆ ಬರುವ ಮೊದಲು ನಿನ್ನ ಬಟ್ಟೆ ಅಲ್ಲಿಗೆ ಹೋಗಿರಬೇಕು. ಯಾರು ಏನನ್ನು ಮುಟ್ಟಿದರೂ ಸರಿ, ಗಿರಾಕಿ ಬೆಲೆ ಕೇಳುತ್ತ ನಳಿಗೆಯ ಮೇಲೆ ಒಂದು ಬೆರಳಿಟ್ಟರೂ ಸರಿ, ಎಣ್ಣೆಬಟ್ಟೆ ಹಿಂದೆಯೇ ಹೋಗುತ್ತಿತ್ತು. ಅಪ್ಪ ಹೋದ ಮೇಲೆ ಮಗನ ಕೈಗೆ ಅದು ಎಷ್ಟು ಒಗ್ಗಿಹೋಗಿತ್ತೆಂದರೆ ಬಟ್ಟೆ ಹೋದದ್ದು, ಬಂದದ್ದು ಅವನಿಗೇ ತಿಳಿಯುತ್ತಿರಲಿಲ್ಲ. ಮೀನಿನವರು ಅವನಿಗೆ ತುಕ್ಕಪ್ಪ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ, ಬೆಕ್ಕಿಗೆ ಇಲಿರಾಯ ಎಂದರೆ ಬೆಕ್ಕೇಕೆ ಬೇಜಾರು ಮಾಡಿಕೊಳ್ಳಬೇಕು.

ಈ ಬಂದೂಕೂ ಒಂದು ರೀಲೂ ಇದ್ದ ಪೆಟ್ಟಿಗೆಯನ್ನು ತಂದಿಟ್ಟು ಹೋದವನು ಹೆಂಡತಿಯ ತಮ್ಮ. ಅವರಪ್ಪ ತೀರಿಕೊಂಡ ಮೇಲೆ ದೋಣಿಮನೆ ಖಾಲಿ ಮಾಡುತ್ತಿದ್ದಾನಂತೆ. ಬಾಗಿಲಲ್ಲೇ ನಿಂತು, ಒಳಗೆ ಬರಲೋ ಬೇಡವೋ ಎನ್ನುವಂತೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದ. ಬಂದೂಕನ್ನು ಗುರಿ ಹೊಡೆಯುವವರ ಕ್ಲಬ್ಬು ತೆಗೆದುಕೊಳ್ಳುತ್ತದೆ, ಕಾರ್ಯದರ್ಶಿಯೇ ಬಂದು ಒಯ್ಯುತ್ತಾರೆ. ರೀಲು ಮಾತ್ರ ಅಕ್ಕನಿಗೆ, ಅವಳು ಅದೊಂದನ್ನೇ ಕೇಳಿದಳು. ಅಪ್ಪನಿಗೆ ಕೊನೆಕೊನೆಗೆ ತಲೆ ನಿಲ್ಲುತ್ತಿರಲಿಲ್ಲ, ಹೊಂಡಕ್ಕೆ ಹಕ್ಕಿ ಇಳಿದಿವೆ ಎಂದು ಬಂದೂಕು ಹಿಡಿದು ಹೊರಟುಬಿಡುತ್ತಿದ್ದರು, ಅಕ್ಕ ಒಂದು ದಿನ ಅದನ್ನು ಅವರ ಕೈಯಿಂದ ಕಿತ್ತುಕೊಂಡು ತನ್ನ ಮಂಚದ ಕೆಳಗೆ ತಳ್ಳಿದವಳು ಮತ್ತೆ ಹೊರಗೆ ತೆಗೆಯಲೇ ಇಲ್ಲ. ಇಷ್ಟು ಹೇಳಿ ಅವನು ಬೀದಿಯ ಕಡೆಗೆ ನೋಡಿದ್ದ. "ರೀಲು ಒಯ್ಯೋಕೆ ಅಕ್ಕನೇ ಬರ್ತಾಳೆ ಭಾವ. ನಾನು ಊರಲ್ಲಿರಲ್ಲ" ಎಂದಿದ್ದ. ಆ ಮಾತು ಕೇಳಿದಾಗಿನಿಂದ ಅವನು ಪೆಟ್ಟಿಗೆಯನ್ನು ಮೇಜಿನ ಕೆಳಗೆ ಇಟ್ಟುಕೊಂಡು, ಕಾಲಿಗೆ ತಾಕುತ್ತಿದ್ದರೂ ತೆರೆಯದೆ, ಬೇರೆಯವರ ಕೆಲಸಗಳನ್ನೆಲ್ಲ ಮುಗಿಸಿದ. ಅವಳು ಬರುವ ದಿನ ಬೆಳಿಗ್ಗೆಯೇ ತೆರೆದದ್ದು. ತೆರೆದವನು ಬಂದೂಕನ್ನು ಬಂದೂಕಿನಂತೆಯೇ ನೋಡಿದ. ಚರ್ಮದ ಚೀಲದಲ್ಲಿ ಇಟ್ಟಿದ್ದಾರೆ, ಚರ್ಮ ನೀರು ಕುಡಿಯುತ್ತದೆ, ಇವರಿಗೆ ಎಷ್ಟು ಹೇಳಿದರೂ ಅಷ್ಟೆ ಎಂದು ಮನಸ್ಸಿನಲ್ಲೇ ಬೈದ. ನಳಿಗೆಯೊಳಗೆ ಸಲಾಕೆ ಆಡಿಸಿ ಚಿಂದಿ ಬೆಳ್ಳಗೆ ಬರುವವರೆಗೂ ಎಳೆದ, ಆಮೇಲೆ ಮೇಲಿನ ತುಕ್ಕಿಗೆ ಕೈ ಹಚ್ಚಿದ. ಒಂದು, ಎರಡು, ಮೂರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು.

ಎಲ್ಲರ ಬೆವರೂ ಒಂದೇ ಅಲ್ಲ. ಅಪ್ಪ ಅಂಗಡಿಗೆ ಯಾರನ್ನಾದರೂ ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಅವರ ಕೈಗೆ ಉಜ್ಜಿ ಹೊಳಪಿಸಿದ ಒಂದು ಉಕ್ಕಿನ ತಗಡು ಕೊಡುತ್ತಿದ್ದ. ಹಿಡಿದುಕೊಂಡಿರಿ, ಮಾತಾಡೋಣ ಎನ್ನುತ್ತಿದ್ದ. ಮಾತು ಮುಗಿದ ಮೇಲೆ ತಗಡನ್ನು ವಾಪಸು ತೆಗೆದುಕೊಂಡು ಕಿಟಕಿಯಲ್ಲಿಟ್ಟು ನಾಳೆ ಬನ್ನಿ ಎಂದು ಕಳಿಸುತ್ತಿದ್ದ. ಕೆಲವರ ಕೈ ಏನೂ ಹೇಳುತ್ತಿರಲಿಲ್ಲ. ಕೆಲವರದು ಮರುದಿನಕ್ಕೆ ಕಂದಾಗಿ ಎದ್ದು ಬರುತ್ತಿತ್ತು, ಅಂಥವರಿಗೆ ಉಪ್ಪುಗೈ ಎಂದು ಹೇಳಿ, ಕೈಮುಗಿದು ಕಳಿಸಿಬಿಡುತ್ತಿದ್ದ. ಮಗನಿಗೆ ಹೆಣ್ಣು ನೋಡಲು ಹೋದಾಗಲೂ ಅಪ್ಪನ ಜೇಬಿನಲ್ಲಿ ಆ ತಗಡು ಇತ್ತೆಂದರೆ ಯಾರೂ ನಂಬುವುದಿಲ್ಲ. ಹುಡುಗಿ ಅದನ್ನು ಕನ್ನಡಿಯೆಂದು ತಿಳಿದು ಮುಖ ನೋಡಿಕೊಂಡು, ಹಣೆಯ ಮೇಲಿನ ಕೂದಲು ಸರಿಮಾಡಿಕೊಂಡು, ವಾಪಸು ಕೊಟ್ಟಳು. ಮರುದಿನ ಕಿಟಕಿಯಲ್ಲಿ ಬರೆದಿಟ್ಟ ಹಾಗೆ ಒಂದಿಡೀ ಕೈ ಮೂಡಿತ್ತು, ಸೊಟ್ಟ ಕಿರುಬೆರಳಿನ ಸಮೇತ. ಹುಡುಗಿ ಚಿನ್ನದಂಥವಳು, ಕೈ ಮಾತ್ರ ಅಂಗಡಿಯ ಹತ್ತಿರ ತರಬೇಡ ಎಂದು ಅಪ್ಪ ನಕ್ಕು ಒಪ್ಪಿಗೆ ಕೊಟ್ಟ. ವೈದ್ಯರಿಗೆ ಒಂದು ಕೈಗುಣ, ಅಡಿಗೆಯವರಿಗೆ ಒಂದು ಕೈಗುಣ, ನಮ್ಮ ಸೊಸೆಯದು ಇಂಥ ಕೈಗುಣ ಎಂದು ಬಂದವರಿಗೆಲ್ಲ ಹೇಳಿ ಅವಳನ್ನು ರೇಗಿಸುತ್ತಿದ್ದ. ಆ ತಗಡನ್ನು ಎತ್ತಿಡಬೇಕೆಂದು ಆಗ ಅವನಿಗೆ ಹೊಳೆಯಲಿಲ್ಲ. ಅಪ್ಪ ಅದನ್ನು ಅದೇ ವಾರ ಉಜ್ಜಿ, ಹೊಳಪಿಸಿ, ಕೆಲಸ ಕೇಳಿಕೊಂಡು ಬಂದ ಯಾವನಿಗೋ ಹಿಡಿದುಕೊಳ್ಳಲು ಕೊಟ್ಟ.

ಅವಳು ಅಂಗಡಿಗೆ ಅಪರೂಪಕ್ಕೆ ಬರುತ್ತಿದ್ದಳು. ಆದರೆ ಅಂಗಡಿಯ ಕೈ ದಿನಾ ಸಂಜೆ ಮನೆಗೆ ಹೋಗುತ್ತಿತ್ತಲ್ಲ. ಮನೆಯಲ್ಲಿ ಅವಳು ಮುಟ್ಟಿದ ಕತ್ತರಿ, ನಲ್ಲಿ, ಕಿಟಕಿಯ ಚಿಲಕ, ಹೊಲಿಗೆ ಯಂತ್ರದ ಚಕ್ರ, ಕನ್ನಡಿಯ ಚೌಕಟ್ಟು, ಯಾವುದನ್ನೂ ಅವನು ಬಿಡಲಿಲ್ಲ. ಅದು ಅವನ ಮಟ್ಟಿಗೆ ಮನೆಗೆಲಸದಲ್ಲಿ ನೆರವಾದಂತೆಯೇ ಇತ್ತು. ಮೊದಮೊದಲು ಅವಳಿಗೆ ತಮಾಷೆ. ನಾನೇನು ಬಸವನಹುಳುವಾ, ಹೋದಲ್ಲೆಲ್ಲ ಗೆರೆ ಬಿಟ್ಟುಕೊಂಡು ಹೋಗಲಿಕ್ಕೆ ಎಂದು ಕೇಳುತ್ತಿದ್ದಳು. ಬೇಕೆಂದೇ ಚಿಲಕವನ್ನು ಹಿಡಿದು, ಅವನು ಎದ್ದು ಬರುತ್ತಾನೋ ಇಲ್ಲವೋ ಎಂದು ಕಣ್ಣಂಚಿನಲ್ಲಿ ನೋಡುತ್ತಿದ್ದಳು. ಅವನು ಎದ್ದು ಬರುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಅವನೂ ನಗುತ್ತ ಒರೆಸುತ್ತಿದ್ದ. ಇವರಿಬ್ಬರಲ್ಲಿ ಪ್ರಾಣಸಂಕಟ ಯಾರದ್ದಾಗಿತ್ತು ಎಂಬುದನ್ನು ಅವನು ಯೋಚಿಸಿದ್ದು ಬಹಳ ತಡವಾಗಿ. ಒಮ್ಮೆ ಯಾರೋ ದೊಡ್ಡ ಮನುಷ್ಯರು ಹೆಂಡತಿಯೊಂದಿಗೆ ಮನೆಗೆ ಬಂದಿದ್ದಾಗ ಅವಳು ಉತ್ಸಾಹದಿಂದ ಗೋಡೆಯ ಮೇಲಿದ್ದ ಅಪ್ಪನ ಹಳೆಯ ಬಂದೂಕನ್ನು ಇಳಿಸಿ ಆ ಹೆಂಗಸಿಗೆ ತೋರಿಸುತ್ತಿದ್ದಳು. ಅವನು ಮಾತಿನ ನಡುವೆಯೇ ಅದನ್ನು ಅವಳ ಕೈಯಿಂದ ತೆಗೆದುಕೊಂಡು ತುದಿಯಿಂದ ತುದಿಗೆ ಒರೆಸಿ, ಗೋಡೆಗೆ ಸಿಕ್ಕಿಸಿ, ಮಾತು ಮುಂದುವರಿಸಿದ. ಆ ಹೆಂಗಸು ತನ್ನ ಕೈಗಳನ್ನು ಮಡಿಲಿನಲ್ಲಿ ಜೋಡಿಸಿಟ್ಟುಕೊಂಡಳು. ಹೆಂಡತಿ ಒಳಗೆ ಹೋಗಿ ಕೈ ತೊಳೆದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಕಾರ್ಯದರ್ಶಿ ಹೇಳಿದ್ದಕ್ಕಿಂತ ಮೊದಲೇ ಬಂದರು. ಅವನು ಕಿರುಬೆರಳನ್ನು ಹಾಗೇ ಬಿಟ್ಟಿದ್ದ. ಅದರ ಮೇಲೆ ತೆಳ್ಳಗೆ ಎಣ್ಣೆ ಸವರಿ, ಅಷ್ಟು ಚಿಕ್ಕದು ಯಾರಿಗೆ ಕಾಣುತ್ತದೆ, ಕ್ಲಬ್ಬಿನ ಗೋಡೆಯ ಮೇಲೆ ಅದೊಂದು ಇದ್ದುಕೊಂಡಿರಲಿ ಎಂದು ಲೆಕ್ಕ ಹಾಕಿದ್ದ. ಅವನ ಜೀವಮಾನದಲ್ಲಿ ಅದು ಮೊದಲ ಕಳ್ಳತನ. ಕಾರ್ಯದರ್ಶಿ ಕನ್ನಡಕವನ್ನು ಹಣೆಗೇರಿಸಿ ನಳಿಗೆಯನ್ನು ಬೆಳಕಿಗೆ ಹಿಡಿದರು, ಒಳಗೆ ಇಣುಕಿದರು, ಕುದುರೆಯನ್ನು ಎಳೆದು ನೋಡಿದರು. ಹೊಸದರ ಹಾಗೆ ಮಾಡಿದ್ದೀರಿ ಎಂದು ಹೊಗಳಿದರು. ಆಮೇಲೆ ಅವರ ಬೆರಳು ಸವರಿಕೊಂಡು ಬಂದು ಒಂದು ಕಡೆ ನಿಂತಿತು.

"ಇದೊಂದು ಉಳ್ಕೊಂಡುಬಿಟ್ಟಿದೆಯಲ್ಲ. ನಿಮ್ಮ ಕಣ್ಣಿಗೇ ಬೀಳ್ಲಿಲ್ವಾ?"

ಅವನು ಬಂದೂಕನ್ನು ತೆಗೆದುಕೊಂಡು ಉಕ್ಕಿನ ನಾರಿನ ಒಂದು ಚಿಕ್ಕ ಉಂಡೆ ಮಾಡಿ, ಅವರ ಎದುರಿಗೇ, ಒತ್ತದೆ, ಒಂದೇ ದಿಕ್ಕಿನಲ್ಲಿ ಉಜ್ಜತೊಡಗಿದ. ಒತ್ತಿದರೆ ನಳಿಗೆಯ ನೀಲಿಗಪ್ಪು ಬಣ್ಣವೂ ಎದ್ದುಹೋಗುತ್ತದೆ, ಅದಕ್ಕಾಗಿ ಯಾವಾಗಲೂ ನಿಧಾನ. ಇವತ್ತಿನ ನಿಧಾನ ಅದಕ್ಕಾಗಿ ಇರಲಿಲ್ಲ. ಅವಳು ಇದನ್ನು ಎಷ್ಟು ಬಿಗಿಯಾಗಿ ಹಿಡಿದಿರಬೇಕು. ಮಾವ ಒಂದು ಕಡೆ ಎಳೆಯುತ್ತಿದ್ದರೆ, ಎಲ್ಲ ಮರೆತ ಮುದುಕರಲ್ಲಿ ಎಲ್ಲಿಂದಲೋ ಬರುವ ಆ ಬಲದೊಂದಿಗೆ ಎಳೆಯುತ್ತಿದ್ದರೆ, ಇವಳು ಒಬ್ಬಳೇ ಇನ್ನೊಂದು ಕಡೆ. ತಾನು ಅಲ್ಲಿರಬೇಕಿತ್ತು. ಮಾವ, ಕೊಡಿ ಇಲ್ಲಿ, ಎಣ್ಣೆ ಹಾಕಿಕೊಡುತ್ತೇನೆ ಎಂದಿದ್ದರೆ ಅವರು ಕೊಟ್ಟುಬಿಡುತ್ತಿದ್ದರು, ಎಷ್ಟು ತಲೆ ಕೆಟ್ಟರೂ ಅಷ್ಟು ಅವರಿಗೆ ನೆನಪಿರುತ್ತಿತ್ತು. ಸಾವಿನ ಸುದ್ದಿ ಕೂಡ ಅವನಿಗೆ ಬಂದದ್ದು ಮೀನಿನವರ ಬಾಯಿಂದ. ಕಿರುಬೆರಳು ಮಸುಕಾಗಿ, ಅರ್ಧವಾಗಿ, ಕೊನೆಗೆ ಹೋಯಿತು. ಆಹಾ, ಈಗ ನೋಡಿ ಎಂದರು ಕಾರ್ಯದರ್ಶಿ. ಅವರು ಬಂದೂಕನ್ನು ಎತ್ತಿಕೊಂಡ ಮೇಲೆ, ಅವರ ಕೈ ತಾಕಿದ್ದ ಮೇಜಿನ ಕಬ್ಬಿಣದ ಅಂಚನ್ನು ಅವನ ಬಟ್ಟೆ ಹೋಗಿ ಒರೆಸಿಕೊಂಡು ಬಂತು.

ಅವಳು ಮನೆ ಬಿಟ್ಟು ಎರಡು ಮಳೆಗಾಲ ಕಳೆದಿವೆ. ಜಗಳವಾಗಿ ಬಿಟ್ಟಿದ್ದರೆ ಸಂಧಾನಕ್ಕೆ ಒಂದು ದಾರಿಯಾದರೂ ಇರುತ್ತಿತ್ತು. ಅವತ್ತು ಅವಳು ಊಟದ ಡಬ್ಬಿ ತೆಗೆದುಕೊಂಡು ಅಂಗಡಿಗೆ ಬಂದಿದ್ದಳು. ಅವನು ಯಾವುದೋ ರೀಲಿನ ಹಲ್ಲುಚಕ್ರಗಳನ್ನು ಬಿಚ್ಚಿ ಹರಡಿಕೊಂಡಿದ್ದ, ಒಂದು ಕೈಯಲ್ಲಿ ಚಿಮಟ, ಒಂದು ಕೈಯಲ್ಲಿ ಬಟ್ಟೆ. ಅವಳಿಗೆ ಏನನ್ನಿಸಿತೋ, ಹಿಂದಿನಿಂದ ಬಂದು ಅವನ ಕೆನ್ನೆಯ ಮೇಲೆ ಅಂಗೈ ಇಟ್ಟಳು. ಹಾಗೆಲ್ಲ ಮಾಡುವ ವಯಸ್ಸು ಇಬ್ಬರಿಗೂ ದಾಟಿಹೋಗಿತ್ತು, ಅದಕ್ಕೇ ಇರಬೇಕು, ಇಟ್ಟ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಳು. ತಣ್ಣಗಿತ್ತು, ಒದ್ದೆಯಾಗಿತ್ತು. ಅವನಿಗೆ ಹಿತವಾಗಿತ್ತು, ನಿಜಕ್ಕೂ ಹಿತವಾಗಿತ್ತು, ಅದನ್ನು ಅವನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲ. ಅವಳು ಕೈ ತೆಗೆದಳು. ಅವನ ಕೈ ಮೇಲೆ ಬಂತು, ಎಣ್ಣೆಬಟ್ಟೆಯಿಂದ ಆ ಕೆನ್ನೆಯನ್ನು ಒರೆಸಿತು. ಕಿವಿಯ ಹತ್ತಿರದಿಂದ ಗದ್ದದವರೆಗೆ, ನಳಿಗೆಯನ್ನು ಒರೆಸುವ ಹಾಗೆ ಒಂದೇ ದಿಕ್ಕಿನಲ್ಲಿ. ಅವಳು ಮೊದಲು ನಕ್ಕಳು. ಅವನೂ ನಕ್ಕ. ಆಮೇಲೆ ಅವಳ ನಗು ನಿಂತುಹೋಯಿತು, ಅವನದು ಇನ್ನೂ ನಡೆದಿತ್ತು. ಅವಳು ಡಬ್ಬಿ ಇಟ್ಟು ಹೋದಳು. ಆ ವಾರ ಮುಗಿಯುವುದರೊಳಗೆ ಅಪ್ಪನಿಗೆ ಹುಷಾರಿಲ್ಲ, ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದು ತವರಿಗೆ ಹೊರಟವಳು ಬರಲಿಲ್ಲ. ಅಲ್ಲೇ ಒಂದು ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಹಿಡಿದಳು. ಹಿಟ್ಟಿಗೆ ಹೇಗೂ ಉಪ್ಪು ಬೇಕಲ್ಲ ಎಂದು ಅವಳು ಯಾರಿಗೋ ಹೇಳಿ ನಗಿಸಿದಳಂತೆ, ಅದೂ ಅವನ ಕಿವಿಗೆ ಬಿತ್ತು.

ಕರೆದುಕೊಂಡು ಬರಲು ಅವನು ಒಮ್ಮೆ ಹೋಗಿಯೂ ಇದ್ದ. ಬೇಕರಿಯ ಮುಂದೆ ಸಾಲು ಇತ್ತು, ಸಾಲಿನಲ್ಲಿ ನಿಂತ. ನಿಂತಷ್ಟು ಹೊತ್ತೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡ. ಅವನ ಸರದಿ ಬಂದಾಗ ಅವಳು ತಲೆಯೆತ್ತಿ, ಏನು ಬೇಕು ಎಂದಳು. ಹಿಂದಿದ್ದವನ ಚೀಲ ಅವನ ಬೆನ್ನಿಗೆ ತಾಕುತ್ತಿತ್ತು. ಒಂದು ಬ್ರೆಡ್ ಎಂದ. ಅವಳು ಕಾಗದದಲ್ಲಿ ಸುತ್ತಿ ಕೊಟ್ಟಳು. ಬಿಸಿ ಬ್ರೆಡ್ಡನ್ನು ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ವಾಪಸು ಬಂದ. ಅದನ್ನು ತಿನ್ನಲಿಕ್ಕೂ ಆಗಲಿಲ್ಲ, ಬಿಸಾಡಲಿಕ್ಕೂ ಆಗಲಿಲ್ಲ, ಕೊನೆಗೆ ಬೂಸಲು ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಅವನಿಗೆ ಬುದ್ಧಿ ಬಂದದ್ದು ಮನೆಯಲ್ಲಿ ಅವಳ ಒಂದು ಗುರುತಿಗಾಗಿ ಹುಡುಕತೊಡಗಿದಾಗ. ಬಟ್ಟೆಬರೆ ಅವಳು ಒಯ್ದಿದ್ದಳು. ಫೋಟೋಗಳಿದ್ದವು, ಆದರೆ ಫೋಟೋದಲ್ಲಿ ಇದ್ದವಳು ಫೋಟೋ ತೆಗೆಯುವವನಿಗಾಗಿ ನಿಂತವಳು. ಅವನಿಗೆ ಬೇಕಿದ್ದದ್ದು ಅವಳು ಏನನ್ನೋ ಯೋಚಿಸುತ್ತ ಸುಮ್ಮನೆ ಮುಟ್ಟಿ ಬಿಟ್ಟದ್ದು. ದೀಪ ಹಿಡಿದು ಕತ್ತರಿಯನ್ನು ನೋಡಿದ, ಚಿಲಕಗಳನ್ನು ನೋಡಿದ, ಹೊಲಿಗೆ ಯಂತ್ರದ ಅಡಿಯಲ್ಲಿ ಮಲಗಿ ನೋಡಿದ. ಅಷ್ಟು ವರ್ಷ ಉಪ್ಪುಗೈಯ ಹೆಣ್ಣೊಬ್ಬಳು ಬಾಳಿದ ಮನೆಯಲ್ಲಿ ಒಂದು ಚುಕ್ಕೆ ತುಕ್ಕು ಇರಲಿಲ್ಲ. ಅಡಿಗೆಮನೆಯ ಕಪಾಟಿನ ಹಿಡಿಕೆಯ ಹಿಂದೆ ಕಂದು ಕಲೆಯೊಂದು ಕಂಡಿತು. ಅದನ್ನು ಯಾರಿಗೂ ಹೇಳದೆ ದಿನಾ ನೋಡಿ ಬರುತ್ತಿದ್ದ. ಒಂದು ದಿನ ಉಗುರು ತಾಕಿ ಎದ್ದುಬಂತು, ಯಾವಾಗಲೋ ಸಿಡಿದ ಚಹಾ.

ಮಧ್ಯಾಹ್ನದ ಮೇಲೆ ರೀಲನ್ನು ಎತ್ತಿಕೊಂಡ. ಮಾವನ ರೀಲು ಅವನಿಗೆ ಹಳೆಯ ಪರಿಚಯ. ಹಿಂದಿನ ಕಾಲದ ಭಾರದ ಮಾಲು, ನೂಲು ಸುತ್ತುವ ಉರುಳೆಯ ಮೇಲುಗಡೆ ಒಂದು ಉಕ್ಕಿನ ಅಡ್ಡಪಟ್ಟಿ. ಗಾಳ ಎಸೆಯುವಾಗ ಹೆಬ್ಬೆರಳು ಉರುಳೆಯನ್ನು ಸವರುತ್ತಿರಬೇಕು, ಇಲ್ಲದಿದ್ದರೆ ನೂಲು ಓಡಿ ಗೋಜಲಾಗುತ್ತದೆ. ಎಸೆದಾದ ಮೇಲೆ ಮೀನಿಗಾಗಿ ಕಾಯುವಾಗ ಹೆಬ್ಬೆರಳು ಅಡ್ಡಪಟ್ಟಿಯ ಮೇಲೆ ಕೂರುತ್ತದೆ. ಹಾಗೆ ಕೂರಿಸುವುದು ಅವನ ಅಭ್ಯಾಸ. ಮಾವ ಪಟ್ಟಿಯನ್ನು ಮುಟ್ಟುತ್ತಲೇ ಇರಲಿಲ್ಲ, ಅವರ ಹೆಬ್ಬೆರಳು ಹಿಡಿಯ ಪಕ್ಕಕ್ಕೆ ಚಾಚಿರುತ್ತಿತ್ತು. ಮದುವೆಯಾದ ವರ್ಷ ಕಡಲಿನ ಕಟ್ಟೆಯ ಮೇಲೆ ಕೂತು ಅವಳಿಗೆ ಗಾಳ ಹಾಕುವುದನ್ನು ಕಲಿಸಿದವನು ಅವನೇ, ಹಿಂದಿನಿಂದ ಎರಡೂ ಕೈ ಬಳಸಿ, ಅವಳ ಹೆಬ್ಬೆರಳನ್ನು ಹಿಡಿದು ಪಟ್ಟಿಯ ಮೇಲೆ ಇಟ್ಟು, ಇಲ್ಲಿ, ಹೀಗೆ, ಸುಮ್ಮನೆ, ಮೀನು ಬಂದರೆ ಮೊದಲು ಇದಕ್ಕೆ ಗೊತ್ತಾಗುತ್ತದೆ ಎಂದಿದ್ದ. ಮನೆಗೆ ಬಂದ ಮೇಲೆ ರೀಲನ್ನು ಸಿಹಿನೀರಿನಲ್ಲಿ ಅದ್ದಿ, ಬಿಚ್ಚಿ, ಒಣಗಿಸಿ, ಒರೆಸಿಟ್ಟಿದ್ದ. ಈಗ ಅಡ್ಡಪಟ್ಟಿಯ ಮೇಲೆ ಹೆಬ್ಬೆರಳಿತ್ತು. ಒಂದು ದಿನದ ತುಕ್ಕಲ್ಲ. ಒಂದರ ಮೇಲೊಂದು, ಒಂದರ ಮೇಲೊಂದು ಕೂತು, ಪಟ್ಟಿಯನ್ನು ತಿಂದು, ಬೆರಳ ಆಕಾರಕ್ಕೆ ಒಂದು ತಗ್ಗನ್ನೇ ಮಾಡಿತ್ತು. ಹಾಗಾದರೆ ಅವಳು ಕಟ್ಟೆಗೆ ಹೋಗುತ್ತಿದ್ದಳು. ಬೇಕರಿಯ ಕೆಲಸ ಮುಗಿಸಿ, ಅಪ್ಪನನ್ನು ಮಲಗಿಸಿ, ಒಬ್ಬಳೇ ಹೋಗಿ ಕೂತು, ಅವನು ಇಟ್ಟ ಜಾಗದಲ್ಲಿಯೇ ಹೆಬ್ಬೆರಳು ಇಟ್ಟುಕೊಂಡು ಕಾಯುತ್ತಿದ್ದಳು. ಅವನಿಗೆ ಅಳು ಬಂತು. ಸ್ಟೂಲಿನ ಮೇಲೆ ಕೂತು, ರೀಲನ್ನು ತೊಡೆಯ ಮೇಲಿಟ್ಟುಕೊಂಡು, ಗಿರಾಕಿ ಯಾರೂ ಬರದಿರಲಿ ಎಂದು ಬೇಡಿಕೊಳ್ಳುತ್ತ ಸ್ವಲ್ಪ ಹೊತ್ತು ಅತ್ತ.

ಆಮೇಲೆ ಕೆಲಸ ಮಾಡಿದ. ಪಕ್ಕದ ತಗಡುಗಳನ್ನು ಬಿಚ್ಚಿ, ಹಳೆಯ ಗ್ರೀಸಿನಲ್ಲಿ ಸೇರಿಕೊಂಡಿದ್ದ ಮರಳನ್ನು ಕಡ್ಡಿಯಿಂದ ಕೆರೆದು, ಹಲ್ಲುಚಕ್ರಗಳಿಗೆ ಹೊಸ ಗ್ರೀಸು ಕೂರಿಸಿದ. ಹಿಡಿಯ ಗುಂಡಿಗೆ ಒಂದೇ ಹನಿ ಎಣ್ಣೆ, ಹೆಚ್ಚಾದರೆ ಧೂಳನ್ನು ಕರೆಯುತ್ತದೆ. ಸ್ಕ್ರೂಗಳ ತಲೆಯಲ್ಲಿದ್ದ ತುಕ್ಕನ್ನು ತೆಗೆದ. ಅಡ್ಡಪಟ್ಟಿಯ ಎರಡು ಕೊನೆಗಳನ್ನು ತೆಗೆದ. ನಡುವೆ ಹೆಬ್ಬೆರಳಿನ ಸುತ್ತ ಉಕ್ಕಿನ ನಾರು ತಾಕದ ಹಾಗೆ ಉಗುರಿನಿಂದ ಮರೆ ಮಾಡಿಕೊಂಡು ಬೆಳಕು ಹೋಗುವವರೆಗೂ ಉಜ್ಜಿದ. ತುಕ್ಕನ್ನು ಹಾಗೆ ಬಿಟ್ಟರೆ ಅದು ತಿನ್ನುತ್ತಲೇ ಹೋಗುತ್ತದೆ. ಆದ್ದರಿಂದ ಮೇಲೆ ಮೇಣ ಕರಗಿಸಿ, ಬಟ್ಟೆಯ ತುದಿಯಿಂದ ಮುಟ್ಟಿಯೂ ಮುಟ್ಟದ ಹಾಗೆ ಹಚ್ಚಿದ. ಇನ್ನು ಅದು ಬೆಳೆಯುವುದಿಲ್ಲ, ಹೋಗುವುದೂ ಇಲ್ಲ. ಇಂಥ ಕೆಲಸವನ್ನು ಅವನು ಯಾರಿಗೂ ಮಾಡಿಕೊಟ್ಟಿರಲಿಲ್ಲ. ಅಪ್ಪ ನೋಡಿದ್ದರೆ ಅಂಗಡಿಯಿಂದ ಆಚೆ ಹಾಕುತ್ತಿದ್ದ.

ಅವಳು ಬಂದಾಗ ಬೀದಿಯಲ್ಲಿ ದೀಪ ಹತ್ತಿತ್ತು. ಸ್ವಲ್ಪ ಇಳಿದುಹೋಗಿದ್ದಳು, ಕಿವಿಯ ಹಿಂದೆ ಒಂದಿಷ್ಟು ಹಿಟ್ಟು ಅಂಟಿಕೊಂಡಿತ್ತು. ಭುಜ ಬಳಸಿ ಬಾಗಿಲು ತಳ್ಳಿಕೊಂಡು ಬಂದು, ಮೇಜಿನಿಂದ ದೂರ ನಿಂತು, ಬಂದೆ ಎಂದಳು. ಅವನು ಸ್ಟೂಲನ್ನು ಅವಳ ಕಡೆಗೆ ಸರಿಸಿದ. ಅವಳು ಕೂರಲಿಲ್ಲ. ಮಾವನ ವಿಷಯ ತಿಳಿಯಿತು ಎಂದು ಅವನು ಹೇಳಿದ, ಹೌದು, ಕೊನೆಗೆ ನೋವಿರಲಿಲ್ಲ ಎಂದು ಅವಳು ಹೇಳಿದಳು. ಆಮೇಲೆ ಅವನು ಅವಳ ಕೈಗಳನ್ನು ನೋಡಿದ. ಬಿಳಿಯ ಹತ್ತಿಯ ಕೈಗವಸು ಹಾಕಿಕೊಂಡಿದ್ದಳು, ಹೊಸದು, ಬೆರಳುಗಳ ತುದಿಯಲ್ಲಿ ಇನ್ನೂ ಅಂಗಡಿಯ ಮಡಿಕೆಯಿತ್ತು. ಅವನು ನೋಡಿದ್ದನ್ನು ಅವಳೂ ನೋಡಿದಳು.

"ನಿಮ್ಮ ಅಂಗಡಿಗೆ ಬರೋದಲ್ವಾ ಅಂತ ಹಾಕ್ಕೊಂಡೆ" ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಅವನು ರೀಲನ್ನು ಮೇಜಿನ ಮೇಲೆ ದೀಪದ ಕೆಳಗೆ ಇಟ್ಟ. ಅವಳು ಹಿಡಿ ತಿರುಗಿಸಿದಳು, ಉರುಳೆ ಸದ್ದಿಲ್ಲದೆ ತಿರುಗಿತು. ತಿರುಗಿಸುತ್ತಿದ್ದಂತೆ ಅವಳ ಕಣ್ಣು ಅಡ್ಡಪಟ್ಟಿಯ ಮೇಲೆ ಬಿತ್ತು.

"ಇದನ್ನ ಬಿಟ್ಟಿದೀರಿ."

ಆಳಕ್ಕೆ ಇಳಿದುಬಿಟ್ಟಿದೆ, ತೆಗೆದರೆ ಪಟ್ಟಿ ತೆಳುವಾಗುತ್ತದೆ, ಮಾವನ ನೆನಪಿಗೆ ಇರಲಿ, ಹೀಗೆ ಮಧ್ಯಾಹ್ನದಿಂದ ಕೂಡಿಸಿಟ್ಟಿದ್ದ ಉತ್ತರಗಳನ್ನೆಲ್ಲ ಪಕ್ಕಕ್ಕಿಟ್ಟ. "ತೆಗೀಬಹುದಿತ್ತು" ಎಂದ. "ತೆಗೀಲಿಲ್ಲ."

ಅವಳು ಬಲಗೈಯ ಗವಸನ್ನು ಕಳಚಿ, ಹೆಬ್ಬೆರಳನ್ನು ಆ ತಗ್ಗಿನಲ್ಲಿ ಇಟ್ಟಳು. ಸರಿಯಾಗಿ ಕೂತಿತು. ಅವಳ ಮುಖ ಸಡಿಲವಾಯಿತು, ಕಟ್ಟೆಯ ಮೇಲೆ ನೀರನ್ನು ನೋಡುತ್ತ ಕೂತಾಗ ಆಗುತ್ತಿದ್ದ ಹಾಗೆ. ಅವನು ಮೇಜಿನ ಮೇಲೆ ಬಾಗಿದ. ಈಗ ಹೇಳಬೇಕು, ಮನೆಗೆ ಬಾ ಎಂದು, ಈಗಲ್ಲದಿದ್ದರೆ ಇನ್ನು ಯಾವಾಗ. ಅವಳು ಹೆಬ್ಬೆರಳು ತೆಗೆದಳು. ತೆಗೆದ ಜಾಗದಲ್ಲಿ ಅವನಿಗೆ ಎಣ್ಣೆಬಟ್ಟೆ ಕಾಣಿಸಿತು. ಬಟ್ಟೆಯ ಹಿಂದೆ ತನ್ನ ಕೈ ಕಾಣಿಸಿತು. ಅದು ಆಗಲೇ ಪಟ್ಟಿಯ ಮೇಲೆ ಅರ್ಧ ದಾರಿ ಬಂದಿತ್ತು.

ಬೆಂಕಿ ತಾಕಿದವನಂತೆ ಹಿಂದಕ್ಕೆ ಎಳೆದುಕೊಂಡ. ಬಟ್ಟೆ ನೆಲಕ್ಕೆ ಬಿತ್ತು. ಅವಳು ಬಟ್ಟೆಯನ್ನು ನೋಡಿದಳು, ಅವನ ಕೈಯನ್ನು ನೋಡಿದಳು. ಸಿಟ್ಟು ಬರಲಿಲ್ಲ ಅವಳಿಗೆ.

"ಇರ್ಲಿ ಬಿಡಿ. ಅದಕ್ಕೇನು ಗೊತ್ತಾಗುತ್ತೆ, ಪಾಪ" ಎಂದಳು, ಪಕ್ಕದ ಮನೆಯ ಕೂಸಿನ ಬಗ್ಗೆ ಹೇಳುವ ಹಾಗೆ.

"ನೀನಿಲ್ದೆ ನಂಗೆ ಆಗ್ತಿಲ್ಲ" ಎಂದ ಅವನು. ಇಷ್ಟು ದಿನ ಬಾಯಿಪಾಠ ಮಾಡಿದ ಮಾತುಗಳಲ್ಲಿ ಇದು ಇರಲೇ ಇಲ್ಲ.

ಅವಳು ರೀಲನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡಳು, ಗವಸನ್ನೂ ಅದರಲ್ಲೇ ಹಾಕಿದಳು. "ನಂಗೂ ಮನೆ ನೆನಪಾಗುತ್ತೆ" ಎಂದಳು. "ಕಣ್ಮುಚ್ಚಿ ಒಂದೊಂದೇ ಕೋಣೆ ಹೊಕ್ಕು ನೋಡ್ತೀನಿ. ಎಲ್ಲ ಇದೆ, ಎಲ್ಲ ಹೊಳೀತಿದೆ. ನಾನೇ ಎಲ್ಲೂ ಇಲ್ಲ."

ಅವನೂ ದೀಪ ಹಿಡಿದು ಅದನ್ನೇ ನೋಡಿದ್ದ. ಹಾಗೆಂದು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವಳು ಬಾಗಿಲ ಹತ್ತಿರ ಹೋಗಿದ್ದಳು. ಎಡಗೈಯಲ್ಲಿ ಚೀಲ. ಬಲಗೈಯಿಂದ, ಬರಿಗೈಯಿಂದ, ಬಾಗಿಲಿನ ಒಳಬದಿಯ ಕಬ್ಬಿಣದ ಹಿಡಿಯನ್ನು ಹಿಡಿದಳು. ಅಪ್ಪನ ಕಾಲದ ದಪ್ಪ ಹಿಡಿ ಅದು, ದಿನಾ ಸಂಜೆ ಅಂಗಡಿ ಮುಚ್ಚುವ ಮೊದಲು ಕೊನೆಗೆ ಒರೆಸುವುದು ಅದನ್ನೇ. ಬಾಗಿಲು ಎಳೆಯಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದಳು. ಬೆನ್ನು ಅವನ ಕಡೆಗಿತ್ತು, ಮುಖ ಹೇಗಿತ್ತೋ ಕಾಣಲಿಲ್ಲ. ಹಿಂದೆ ಚಿಲಕ ಹಿಡಿದು ಕಣ್ಣಂಚಿನಲ್ಲಿ ನೋಡುತ್ತಿದ್ದಳಲ್ಲ, ಹಾಗೆ ನೋಡಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಬಾಗಿಲು ತೆರೆಯಿತು, ಮುಚ್ಚಿತು. ಬೀದಿಯಲ್ಲಿ ಅವಳ ಹೆಜ್ಜೆಗಳು ಬಂದರಿನ ಕಡೆಗೆ ತಿರುಗಿದವು.

ಅವನು ನೆಲದಿಂದ ಬಟ್ಟೆಯನ್ನು ಎತ್ತಿಕೊಂಡ. ಎತ್ತಿಕೊಂಡು ಬಾಗಿಲಿನವರೆಗೂ ಹೋದ. ಹಿಡಿಯ ಮೇಲೆ ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ, ಉಸಿರು ಬಿಟ್ಟರೆ ಮೂಡುವಷ್ಟು ತೇವ ಮಾತ್ರ. ಕೈ ಮೇಲೆ ಬಂತು. ಅವನು ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡು, ಕುಡಿದ ಗೆಳೆಯನನ್ನು ಮನೆಗೆ ಕರೆದೊಯ್ಯುವವನಂತೆ, ಮೇಜಿನವರೆಗೆ ಕರೆತಂದು, ಬಟ್ಟೆಯನ್ನು ಕಿತ್ತು ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದ. ಅವತ್ತು ಹಿಂಬಾಗಿಲಿನಿಂದ ಮನೆಗೆ ಹೋದ.

ಆಮೇಲೆ ಗಿರಾಕಿಗಳು ಒಂದು ಬದಲಾವಣೆ ಕಂಡರು. ರಾಜ ಬಂದರೂ ಸ್ಟೂಲು ಬಿಟ್ಟು ಏಳದಿದ್ದವನು ಈಗ ಯಾರೇ ಹೊರಟರೂ ಎದ್ದು, ಅವರಿಗಿಂತ ಮುಂದೆ ಓಡಿ, ಬಾಗಿಲಿನ ಮರದ ಅಂಚಿಗೆ ಬೆರಳು ತೂರಿಸಿ ತಾನೇ ತೆರೆದುಕೊಡುತ್ತಿದ್ದ. ಮುದಿತನಕ್ಕೆ ತುಕ್ಕಪ್ಪನಿಗೆ ಮರ್ಯಾದೆ ಬಂದುಬಿಟ್ಟಿದೆ ಎಂದು ಮೀನಿನವರು ಆಡಿಕೊಂಡರು. ಅವನು ಮಾತ್ರ ಗಾಳಿಯನ್ನು ನೋಡುತ್ತಿದ್ದ. ಬಿಸಿಲು ಕಾದ ದಿನ ಅವನಿಗೆ ಬೇಸರ. ಕಡಲಿನಿಂದ ತೇವ ನುಗ್ಗಿದ ದಿನ, ಬೀದಿಯವರೆಲ್ಲ ಕಿಟಕಿ ಮುಚ್ಚಿಕೊಂಡಾಗ, ಅವನು ಕಿಟಕಿ ತೆರೆದಿಡುತ್ತಿದ್ದ. ಜೀವಮಾನವೆಲ್ಲ ಯಾವುದು ಬರದಿರಲಿ ಎಂದು ಕಾವಲು ಕೂತಿದ್ದನೋ ಅದು ಬರಲಿ ಎಂದು ಬಾಗಿಲು ನೋಡುತ್ತ ಕಾದ. ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ಹಿಡಿಯ ಕೆಳಬದಿಯಲ್ಲಿ, ಮಿಕ್ಕ ಬೆರಳುಗಳಿಗಿಂತ ಮೊದಲು, ಹೊರಕ್ಕೆ ಬಾಗಿದ ಕಿರುಬೆರಳು ಕಂದಾಗಿ ಎದ್ದಿತು.

ಅವತ್ತೇ ಕ್ಲಬ್ಬಿನ ಕಾರ್ಯದರ್ಶಿ ಇನ್ನೊಂದು ಬಂದೂಕು ತಂದು ಕೊಟ್ಟು, ಹೊರಡುವಾಗ ಹಿಡಿಗೆ ಕೈ ಚಾಚಿದರು. "ಇರಿ, ಇರಿ, ನಾನು ತೆಗೀತೀನಿ" ಎಂದು ಅವನು ಗ್ರೀಸು ಮೆತ್ತಿದ ಕೈಯಲ್ಲೇ ಎದ್ದು ಓಡಿದ. ಅವರು ಸರಿದು ನಿಂತರು. ಕನ್ನಡಕ ಏರಿಸಿ ಹಿಡಿಯನ್ನು ನೋಡಿ, ಇದೇನು, ನಿಮ್ಮ ಅಂಗಡಿಯ ಬಾಗಿಲಿಗೇ ತುಕ್ಕು ಎಂದು ಕೇಳಿದರು. ಅವನು ಹೌದು ಎಂದ. ಅವರು ಹೋದ ಮೇಲೆ ಸ್ಟೂಲನ್ನು, ಬಾಗಿಲು ಕಾಣುವ ಹಾಗೆ, ಸ್ವಲ್ಪ ತಿರುಗಿಸಿಕೊಂಡು ಕೂತ.